‘ಮಾಟಗಾತಿ’ ಎಂಬ ಹೆಸರು ಯಾರದು?

ನಮ್ಮೂರುಗಳ ಮಾತನ್ನೇ ಸ್ವಲ್ಪ ಗಮನಿಸಿ. ಮಾಟ ಮಾಡುವ ಗಂಡಸನ್ನು ಜನ ‘ಮಂತ್ರವಾದಿ’ ಅನ್ನುತ್ತಾರೆ. ಅವನಿಗೆ ಹೆದರುತ್ತಾರೆ, ಆದರೆ ತೆಂಗಿನಕಾಯಿ, ನಿಂಬೆಹಣ್ಣು ಹಿಡಿದು ಅವನ ಮನೆ ಬಾಗಿಲಿಗೂ ಹೋಗುತ್ತಾರೆ. ಅದೇ ಒಬ್ಬ ಹೆಂಗಸನ್ನು ‘ಮಾಟಗಾತಿ’ ಅಂದರೆ ಅದು ಬೈಗುಳ. ಅವಳು ಮಾಟ ಮಾಡಿರಬೇಕು ಅಂತೇನೂ ಇಲ್ಲ. ಒಂಟಿಯಾಗಿದ್ದರೆ, ಬಾಯಿ ಜೋರಿದ್ದರೆ ಸಾಕು.

ಹೀಗಿರುವಾಗ ‘ಹೌದು, ನಾನು ಮಾಟಗಾತಿ, ಅದೇ ನನ್ನ ಧರ್ಮ’ ಎಂದು ಎದೆ ತಟ್ಟಿ ಹೇಳುವವರಿದ್ದಾರೆ ಅಂದರೆ ನಂಬುವುದು ಕಷ್ಟ. ಇಂಗ್ಲೆಂಡ್, ಅಮೆರಿಕಗಳಲ್ಲಿ ಅಂಥವರು ಸಾವಿರಾರು ಮಂದಿ ಇದ್ದಾರೆ. ಅವರಲ್ಲಿ ಬಹಳ ಜನ ಪಾಲಿಸುವ ಧರ್ಮದ ಹೆಸರು ವಿಕ್ಕಾ. ಅದಕ್ಕೆ ನಮ್ಮ ಅಜ್ಜ-ಅಜ್ಜಿಯರಷ್ಟು ವಯಸ್ಸು. ಅಷ್ಟರಲ್ಲೇ ಅದರೊಳಗೆ ಒಂದು ದೊಡ್ಡ ಜಗಳ ನಡೆದಿದೆ: ಹೆಣ್ಣು ಅಂದರೆ ಯಾರು, ಅದನ್ನು ತೀರ್ಮಾನ ಮಾಡುವವರು ಯಾರು? ಆ ಕಥೆಯನ್ನು ಇಲ್ಲಿ ಹೇಳುತ್ತೇವೆ.

ಮೊದಲು ಅದು ಆರೋಪ

ಯುರೋಪಿನಲ್ಲಿ 15ರಿಂದ 18ನೇ ಶತಮಾನದವರೆಗೆ ಮಾಟದ ಆರೋಪದ ಮೇಲೆ ಸುಮಾರು 40ರಿಂದ 50 ಸಾವಿರ ಜನರನ್ನು ಕೊಂದರು ಎಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಅವರಲ್ಲಿ ನಾಲ್ವರಲ್ಲಿ ಮೂವರು ಹೆಂಗಸರು. ಎಲ್ಲ ಕಡೆಯೂ ಹೀಗೇ ಇರಲಿಲ್ಲ. ಐಸ್‌ಲ್ಯಾಂಡಿನಲ್ಲಿ ಸತ್ತವರು ಹೆಚ್ಚಾಗಿ ಗಂಡಸರು. ಅಮೆರಿಕದ ಸೇಲಂನಲ್ಲಿ 1692ರಲ್ಲಿ 19 ಜನರನ್ನು ನೇಣಿಗೆ ಹಾಕಿದರು. ಅವರಲ್ಲಿ 14 ಮಂದಿ ಹೆಂಗಸರು, ಐವರು ಗಂಡಸರು. ಸತ್ತವರು ಯಾರೂ ಆ ಹೆಸರನ್ನು ತಾವಾಗಿ ಕೇಳಿಕೊಂಡವರಲ್ಲ.

1921ರಲ್ಲಿ ಮಾರ್ಗರೆಟ್ ಮರ್ರೆ ಎಂಬ ವಿದ್ವಾಂಸೆ ಒಂದು ಪುಸ್ತಕ ಬರೆದರು. ಸತ್ತವರೆಲ್ಲ ಕ್ರೈಸ್ತ ಧರ್ಮಕ್ಕಿಂತ ಹಳೆಯದಾದ ಒಂದು ಗುಪ್ತ ಧರ್ಮದವರು ಅನ್ನುವುದು ಅವರ ವಾದ. ಇತಿಹಾಸಕಾರರು ಇದನ್ನು ಒಪ್ಪಿಲ್ಲ, ಸಾಕ್ಷಿ ಸಿಕ್ಕಿಲ್ಲ. ಆದರೆ ಈ ವಾದ ಒಬ್ಬರ ತಲೆಯಲ್ಲಿ ಬಲವಾಗಿ ಕೂತಿತು.

ಗಾರ್ಡ್ನರ್ ಕಟ್ಟಿದ ಮನೆ

ಅವರೇ ಜೆರಾಲ್ಡ್ ಗಾರ್ಡ್ನರ್. ಸಿಲೋನಿನ ಚಹಾ ತೋಟಗಳಲ್ಲಿ ದುಡಿದು, ಆಮೇಲೆ ಮಲಯದಲ್ಲಿ ಸುಂಕದ ಅಧಿಕಾರಿಯಾಗಿ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದವರು. ಅಲ್ಲಿ ಮಾಟದ ಬಗ್ಗೆ 1735ರ ಒಂದು ಕಾನೂನು ಇನ್ನೂ ಜಾರಿಯಲ್ಲಿತ್ತು. 1951ರಲ್ಲಿ ಅದು ರದ್ದಾಯಿತು. 1954ರಲ್ಲಿ ಗಾರ್ಡ್ನರ್ ಪುಸ್ತಕ ಬರೆದು, ಹಳೆಯ ಮಾಟಗಾತಿಯರ ಧರ್ಮ ಇನ್ನೂ ಜೀವಂತವಾಗಿದೆ, ನಾನೂ ಅದಕ್ಕೆ ಸೇರಿದವನು ಎಂದು ಸಾರಿದರು.

ಅವರ ಕೂಟದಲ್ಲಿ ದೇವಿಯೂ ಇದ್ದಳು, ದೇವನೂ ಇದ್ದ. ಮುಂದೆ ನಿಂತು ಪೂಜೆ ನಡೆಸುವವಳು ಹೆಂಗಸು. 1950ರ ದಶಕದಲ್ಲಿ ಇದು ಸಣ್ಣ ಮಾತಲ್ಲ. ಇಂಗ್ಲೆಂಡಿನ ಚರ್ಚುಗಳಲ್ಲಿ ಹೆಣ್ಣು ಪಾದ್ರಿಯನ್ನು ಕಾಣುವುದೇ ಆಗ ಅಪರೂಪ. ಆದರೆ ಎಲ್ಲವೂ ಗಂಡು-ಹೆಣ್ಣಿನ ಜೋಡಿಯ ಮೇಲೆ ನಿಂತಿತ್ತು. ದೀಕ್ಷೆ ಕೂಡ ಗಂಡಿನಿಂದ ಹೆಣ್ಣಿಗೆ, ಹೆಣ್ಣಿನಿಂದ ಗಂಡಿಗೆ. ಸಲಿಂಗಿಗಳಿಗೆ ಇಲ್ಲಿ ಜಾಗ ಸಿಗುವುದು ಕಷ್ಟವಿತ್ತು.

ಡೊರೀನ್ ವ್ಯಾಲಿಯಂಟೆ 1953ರಲ್ಲಿ ಈ ಕೂಟ ಸೇರಿದರು. ‘ಪುರಾತನ’ ಎನ್ನಲಾಗುತ್ತಿದ್ದ ಮಂತ್ರಗಳಲ್ಲಿ ಕೆಲವು ಅಲಿಸ್ಟರ್ ಕ್ರೌಲಿ ಎಂಬ ಇತ್ತೀಚಿನ ಲೇಖಕನವು ಎಂದು ಅವರು ಗುರುತು ಹಿಡಿದರು. ಅವನ್ನು ತೆಗೆದು ತಾವೇ ಚೆಂದವಾಗಿ ಬರೆದುಕೊಟ್ಟರು. ಇಂದಿಗೂ ವಿಕ್ಕಾದವರು ಹೇಳುವುದು ಅವರ ಮಾತುಗಳನ್ನೇ. 1957ರಲ್ಲಿ ಗಾರ್ಡ್ನರ್ ಜೊತೆ ಮನಸ್ತಾಪ ಬಂದಾಗ ಅವರು ‘ಹಳೆಯ ನಿಯಮಗಳು’ ಎಂದು ಒಂದು ಪಟ್ಟಿ ಮುಂದಿಟ್ಟರು. ಪೂಜೆ ನಡೆಸುವವಳಿಗೆ ವಯಸ್ಸಾದರೆ ಕಿರಿಯಳಿಗೆ ಜಾಗ ಬಿಟ್ಟುಕೊಡಬೇಕು ಅನ್ನುವುದೂ ಅದರಲ್ಲಿತ್ತು. ಇದು ಹಳೆಯದಲ್ಲ, ಈಗ ಬರೆದದ್ದು ಎಂದು ವ್ಯಾಲಿಯಂಟೆಗೆ ಗೊತ್ತಾಯಿತು. ಅವರು ಎದ್ದು ಹೊರನಡೆದರು.

ಹೆಂಗಸರದೇ ಕೂಟ

ಮುಂದಿನ ತಿರುವು ಅಮೆರಿಕದಲ್ಲಿ. ಜುಜಾನಾ ಬುಡಾಪೆಸ್ಟ್ ಹಂಗೇರಿಯಿಂದ 1956ರ ದಂಗೆಯ ನಂತರ ವಲಸೆ ಬಂದವರು. 1971ರಲ್ಲಿ ಅವರು ಲಾಸ್ ಏಂಜಲೀಸ್‌ನಲ್ಲಿ ಹೆಂಗಸರಿಗೆ ಮಾತ್ರ ಎಂದು ಒಂದು ಕೂಟ ಕಟ್ಟಿ, ಮಹಿಳೆಯರ ಮತದ ಹಕ್ಕಿಗಾಗಿ ಹೋರಾಡಿದ ಸೂಸನ್ ಬಿ. ಆಂಥೋನಿಯ ಹೆಸರಿಟ್ಟರು. ದೇವಿ ಮಾತ್ರ, ದೇವ ಬೇಡ. ಇದನ್ನು ಡಯಾನಿಕ್ ಪಂಥ ಅನ್ನುತ್ತಾರೆ. 1975ರಲ್ಲಿ ಮಾರುವೇಷದ ಮಹಿಳಾ ಪೊಲೀಸ್ ಒಬ್ಬರಿಗೆ ಭವಿಷ್ಯ ಹೇಳಿದರೆಂದು ಅವರನ್ನು ಬಂಧಿಸಿದರು, ಶಿಕ್ಷೆಯೂ ಆಯಿತು. ಗಂಡಸರ ಕಾಟದಿಂದ ಬೆಂದವರಿಗೆ ಈ ಕೂಟ ತವರಿನಂತಿತ್ತು.

ಸಲಿಂಗಿ ಗಂಡಸರೂ ಸುಮ್ಮನೆ ಕೂರಲಿಲ್ಲ. ಎಡ್ಡಿ ಬುಚಿನ್ಸ್ಕಿ 1977ರಲ್ಲಿ ನ್ಯೂಯಾರ್ಕಿನಲ್ಲಿ ಅವರಿಗೇ ಒಂದು ಪಂಥ ಕಟ್ಟಿದರು. ಸ್ಟಾರ್‌ಹಾಕ್ ಎಂಬ ಲೇಖಕಿ 1979ರ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ಜಗತ್ತನ್ನು ಗಂಡು-ಹೆಣ್ಣು ಎಂಬ ಎರಡು ಶಕ್ತಿಗಳಾಗಿ ವಿವರಿಸಿದ್ದರು. ಹತ್ತು ವರ್ಷದ ನಂತರದ ಮುದ್ರಣದಲ್ಲಿ, ಆ ವಿವರಣೆಯನ್ನು ಈಗ ಒಪ್ಪುವುದಿಲ್ಲ ಎಂದು ತಾವೇ ತಿದ್ದಿಕೊಂಡರು.

ಬಾಗಿಲ ಬಳಿ ಜಗಳ

2011ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಈ ಎಲ್ಲ ಪಂಥದವರ ಸಮಾವೇಶ ನಡೆಯಿತು. ಹೆಂಗಸರಿಗೆಂದೇ ಇಟ್ಟಿದ್ದ ಒಂದು ಪೂಜೆಗೆ ಟ್ರಾನ್ಸ್ ಮಹಿಳೆಯರು ಬಂದರು. ಬಾಗಿಲಲ್ಲೇ ತಡೆದು ವಾಪಸ್ ಕಳಿಸಿದರು. ಮರುವರ್ಷ ಬುಡಾಪೆಸ್ಟ್ ಅವರ ಪೂಜೆಗೂ ಹುಟ್ಟಿನಿಂದ ಹೆಣ್ಣಾದವರಿಗೆ ಮಾತ್ರ ಪ್ರವೇಶ ಎಂದರು. ಬಾಗಿಲ ಹೊರಗೆ ಬಹಳ ಜನ ಮಾತಿಲ್ಲದೆ ಕೂತು ಪ್ರತಿಭಟಿಸಿದರು.

ಒಳಗಿದ್ದವರ ಮಾತನ್ನೂ ಕೇಳಬೇಕು. ಮುಟ್ಟು, ಬಸಿರು, ಹೆರಿಗೆಯ ಸುತ್ತ ಕಟ್ಟಿದ ಪೂಜೆ ನಮ್ಮದು, ನಮಗೆಂದು ಒಂದು ಜಾಗವೂ ಬೇಡವೇ ಎಂದು ಅವರು ಕೇಳಿದರು. ಹೊರಗಿದ್ದವರ ಪ್ರಶ್ನೆ ಬೇರೆ: ಗರ್ಭಕೋಶ ತೆಗೆಸಿಕೊಂಡವಳು, ಮಕ್ಕಳಾಗದವಳು ಹೆಣ್ಣಲ್ಲವೇ? ಊರವರು ಹೊರಗೆ ಹಾಕಿದವರಿಗಾಗಿ ಕಟ್ಟಿದ ಮನೆಯಿಂದ ನಮ್ಮನ್ನು ಹೊರಗೆ ಹಾಕುವುದು ನ್ಯಾಯವೇ? ಸ್ಟಾರ್‌ಹಾಕ್ ಕಟ್ಟಿದ ‘ರಿಕ್ಲೇಮಿಂಗ್’ ಪಂಥ 2012ರಲ್ಲಿ ತನ್ನ ಮೂಲ ನಿಯಮವನ್ನೇ ತಿದ್ದಿ, ದೈವಕ್ಕೆ ಹಲವು ಲಿಂಗ, ಹಲವು ರೂಪ ಎಂದು ಬರೆದುಕೊಂಡಿತು. ಡಯಾನಿಕ್ ಪಂಥದ ಕೆಲವರು ಇಂದಿಗೂ ಒಪ್ಪಿಲ್ಲ.

ನಮಗೆ ಮುಖ್ಯ ಅನ್ನಿಸಿದ್ದು ಇದು. ‘ಹಿಂದಿನಿಂದ ಹೀಗೇ ಇದೆ’ ಎಂಬ ಮಾತು ಈ ಧರ್ಮದಲ್ಲಿ ಯಾರನ್ನಾದರೂ ಹೊರಗಿಡಲು ಬಳಕೆಯಾಯಿತು. ಇದನ್ನು ಬರೆದವರು ನಮ್ಮಂಥ ಮನುಷ್ಯರೇ ಎಂದು ಯಾರೋ ಒಬ್ಬರು ಗುರುತಿಸಿದಾಗ ತಿದ್ದುವ ಧೈರ್ಯ ಬಂತು.

ನಮ್ಮ ದೇಶದಲ್ಲಿ

ಇಲ್ಲಿ ಆ ಹೆಸರು ಇನ್ನೂ ಆರೋಪವೇ. ಜಾರ್ಖಂಡಿನ ಚುಟ್ನಿ ಮಹತೋ ಅವರನ್ನು ಮಾಟಗಾತಿ ಎಂದು ಹಿಂಸಿಸಿ ಊರು ಬಿಡಿಸಿದರು. ಅವರು ಅದೇ ಆರೋಪ ಹೊತ್ತ ಇತರ ಹೆಂಗಸರ ಬೆನ್ನಿಗೆ ನಿಂತರು. ಅಸ್ಸಾಮಿನ ಬೀರುಬಾಲಾ ರಾಭಾ ಕೂಡ ಇದೇ ಕೆಲಸಕ್ಕೆ ಬದುಕು ಸವೆಸಿದರು. ಇವರ್ಯಾರಿಗೂ ಆ ಹೆಸರು ಹೆಮ್ಮೆಯದಲ್ಲ. 2021ರಲ್ಲಿ ಇಬ್ಬರಿಗೂ ಪದ್ಮಶ್ರೀ ಬಂತು.

ಅದೇ ಪಟ್ಟಿಯಲ್ಲಿ ನಮ್ಮ ಮಂಜಮ್ಮ ಜೋಗತಿಯವರೂ ಇದ್ದರು. ಗಂಡಾಗಿ ಹುಟ್ಟಿ, ಹೆಣ್ಣಾಗಿ ಬದುಕಿ, ಎಲ್ಲಮ್ಮನ ಕೊಡ ಹೊತ್ತು ಕುಣಿದವರು. ಅವರಿಗೂ ಮೊದಲು ಮನೆಯ ಬಾಗಿಲೇ ಮುಚ್ಚಿತ್ತು.