ಸರ್ವಿಸ್‌ಸ್ಕೇಪ್ ಅಂದ್ರೇನು? ಹೋಟೆಲಿನ ಬೆಳಕು, ಸದ್ದು, ಕುರ್ಚಿ ನಮ್ಮ ಮೇಲೆ ಮಾಡೋ ಕೆಲಸ

ಕುಕ್ ಟೌನ್‌ನ ಹಳೇ ಬಂಗಲೆಯೊಂದು ಈಗ ಕೆಫೆ ಆಗಿದೆ. ಕಾಂಪೌಂಡಿನ ಮರ, ಮೇಲಿನ ಹೆಂಚು ಹಾಗೇ ಇವೆ. ಒಳಗೆ ಹಳದಿ ಬೆಳಕು, ಮೆಲ್ಲಗಿನ ಹಾಡು, ಮೆತ್ತನೆ ಸೋಫಾ. ಹೋದ ತಿಂಗಳು ಅರ್ಧ ಗಂಟೆ ಕೂತು ಬರೋಣ ಅಂತ ಹೋದವನು ಎರಡು ಗಂಟೆ ಕೂತೆ. ಬೇಕಿಲ್ಲದ ಕೇಕೂ ತಿಂದೆ. ಬಿಲ್ ಕೊಡೋಕೆ ಎದ್ದಾಗ ಕಂಡಿದ್ದು: ಅಷ್ಟೂ ಹೊತ್ತು ಕೌಂಟರ್ ಹಿಂದಿನ ಹುಡುಗಿ ನಿಂತೇ ಇದ್ದಳು. ಅಲ್ಲೊಂದು ಸ್ಟೂಲೂ ಇರಲಿಲ್ಲ.

ನಾನು ಜಾಸ್ತಿ ಹೊತ್ತು ಕೂತಿದ್ದಕ್ಕೂ ಅವಳು ಕೂರದೇ ಇದ್ದದ್ದಕ್ಕೂ ಆ ಜಾಗದ ವಿನ್ಯಾಸವೇ ಕಾರಣ. ಇದನ್ನು ವಿವರಿಸೋ ಪರಿಕಲ್ಪನೆಯ ಹೆಸರು ಸರ್ವಿಸ್‌ಸ್ಕೇಪ್.

ಎಲ್ಲಿಂದ ಬಂತು?

ಅಮೆರಿಕದ ಮಾರ್ಕೆಟಿಂಗ್ ಪ್ರಾಧ್ಯಾಪಕಿ ಮೇರಿ ಜೋ ಬಿಟ್ನರ್ 1992ರಲ್ಲಿ ‘ಜರ್ನಲ್ ಆಫ್ ಮಾರ್ಕೆಟಿಂಗ್’ನಲ್ಲಿ ಬರೆದ ಲೇಖನದಿಂದ ಈ ಪದ ಚಾಲ್ತಿಗೆ ಬಂತು. ಸೋಪು ಕೊಂಡರೆ ಕೈಯಲ್ಲಿ ಹಿಡಿದು ನೋಡಬಹುದು. ಸೇವೆಯನ್ನು ಹಾಗೆ ನೋಡೋಕಾಗಲ್ಲ. ಹಾಗಾಗಿ ಬ್ಯಾಂಕು, ಆಸ್ಪತ್ರೆ, ಹೋಟೆಲು ಹೇಗಿದೆ ಅನ್ನೋದನ್ನು ನಾವು ಅದರ ಗೋಡೆ, ನೆಲ, ವಾಸನೆ ನೋಡಿ ಅಳೀತೀವಿ. ಬಿಟ್ನರ್ ಇದನ್ನು ಮೂರು ಭಾಗ ಮಾಡಿದರು.

ಒಂದು, ವಾತಾವರಣ: ಬೆಳಕು, ಸದ್ದು, ಸೆಕೆ, ವಾಸನೆ. ಎರಡು, ಜಾಗದ ಜೋಡಣೆ: ಮೇಜು ಎಲ್ಲಿ, ಕ್ಯೂ ಹೇಗೆ, ಗಲ್ಲಾ ಎಲ್ಲಿ. ಮೂರು, ಗುರುತುಗಳು: ಬೋರ್ಡು, ಯೂನಿಫಾರ್ಮು, ಗೋಡೆಯ ಫೋಟೊ.

ಮೊದಲನೆಯದರ ಬಲ ಎಷ್ಟು ಅಂತ ರೊನಾಲ್ಡ್ ಮಿಲಿಮನ್ ಅಳೆದು ತೋರಿಸಿದ್ದರು. 1982ರ ಅವರ ಅಧ್ಯಯನದಲ್ಲಿ, ಸೂಪರ್ ಮಾರ್ಕೆಟಲ್ಲಿ ವೇಗದ ಸಂಗೀತಕ್ಕಿಂತ ನಿಧಾನದ ಸಂಗೀತ ಹಾಕಿದ ದಿನಗಳಲ್ಲಿ ವ್ಯಾಪಾರ ಸುಮಾರು 38% ಜಾಸ್ತಿ ಇತ್ತು. 1986ರಲ್ಲಿ ರೆಸ್ಟೋರೆಂಟಲ್ಲಿ ನೋಡಿದಾಗ, ವೇಗದ ಹಾಡಿಗೆ 45 ನಿಮಿಷದಲ್ಲಿ ಊಟ ಮುಗಿಸುತ್ತಿದ್ದ ಗಿರಾಕಿಗಳು ನಿಧಾನದ ಹಾಡಿಗೆ 56 ನಿಮಿಷ ಕೂತರು. ನನ್ನ ಕೇಕಿನ ಲೆಕ್ಕ ಈಗ ಅರ್ಥವಾಯ್ತಲ್ಲ!

ಬೆಂಗಳೂರಿಗೆ ಇದು ಹೊಸದಲ್ಲ

1924ರಲ್ಲಿ ಶುರುವಾದ ಎಂಟಿಆರ್ ನೋಡಿ. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ, ಅಲ್ಲಿನ ಹೋಟೆಲುಗಳ ಸ್ವಚ್ಛತೆ ನೋಡಿ ಬಂದರು. ಆಮೇಲೆ ಗಿರಾಕಿಗಳು ಅಡುಗೆಮನೆ ನೋಡಿಕೊಂಡೇ ಊಟಕ್ಕೆ ಹೋಗೋ ವ್ಯವಸ್ಥೆ ಎಂಟಿಆರ್‌ನ ಗುರುತಾಯಿತು. ‘ನಮ್ಮಲ್ಲಿ ಸ್ವಚ್ಛ’ ಅಂತ ಬೋರ್ಡು ಹಾಕೋದಕ್ಕಿಂತ ಇದು ಎಷ್ಟೋ ಪಾಲು ಗಟ್ಟಿ ಮಾತು. ಇನ್ನೊಂದು ಲಾಭವೂ ಇದೆ: ಗಿರಾಕಿ ನೋಡ್ತಾನೆ ಅಂತಾದರೆ ಅಡುಗೆಮನೆಯೂ ಚೊಕ್ಕಟವಾಗೇ ಇರಬೇಕಾಗುತ್ತೆ.

ದರ್ಶಿನಿಗಳದ್ದು ಇದಕ್ಕೆ ವಿರುದ್ಧದ ಲೆಕ್ಕ. 1983ರಲ್ಲಿ ಆರ್. ಪ್ರಭಾಕರ್ ಜಯನಗರದಲ್ಲಿ ಕೆಫೆ ದರ್ಶಿನಿಗೆ ರೂಪ ಕೊಟ್ಟರು. ಟೋಕನ್, ಎತ್ತರದ ಮೇಜು, ನಿಂತು ತಿನ್ನು, ಕೈ ತೊಳೆದು ಹೊರಡು. ಕೂರೋಕೆ ಜಾಗ ಇಲ್ಲದ್ದರಿಂದ ಮೇಜು ಬೇಗ ಖಾಲಿಯಾಗುತ್ತೆ. ಹಾಗಾಗಿ ಚಿಕ್ಕ ಮಳಿಗೆಯಲ್ಲೇ ನೂರಾರು ಜನಕ್ಕೆ ತಿಂಡಿ ಕೊಡಬಹುದು, ಬೆಲೆ ಇಳಿಸಬಹುದು. ಇಂಜಿನಿಯರಿಂಗ್ ಕಾಲೇಜಲ್ಲಿ ನಮಗೆ ಥ್ರೂಪುಟ್ ಅಂತ ಪಾಠ ಮಾಡಿದ್ದು ಇದನ್ನೇ. ಆದರೆ ಮೊಣಕಾಲು ನೋವಿನ ಅಜ್ಜಿಗೆ ಅದೇ ಮೇಜು ‘ಇದು ನಿಮಗಲ್ಲ’ ಅಂತಲೂ ಹೇಳುತ್ತೆ.

ಬೋರ್ಡುಗಳ ಮಾತೂ ಹೀಗೇ. ಅಂಗಡಿ ಫಲಕದಲ್ಲಿ 60% ಕನ್ನಡ ಇರಬೇಕು ಅಂತ ರಾಜ್ಯ 2024ರಲ್ಲಿ ಕಾನೂನು ತಿದ್ದಿತು. ಇದನ್ನು ಭಾಷಾಭಿಮಾನ ಅಂತಷ್ಟೇ ನೋಡೋದು ಸಾಲದು. ಬಾಗಿಲಲ್ಲಿ ನಿಂತವರಿಗೆ ಒಳಗೆ ಬರೋ ಧೈರ್ಯ ಬರುತ್ತೋ ಇಲ್ಲವೋ ಅನ್ನೋ ಪ್ರಶ್ನೆಯೂ ಅದರಲ್ಲಿದೆ.

ಮರೆತುಹೋದ ಅರ್ಧ

ಬಿಟ್ನರ್ ಲೇಖನದ ಶೀರ್ಷಿಕೆಯಲ್ಲೇ ‘ಗ್ರಾಹಕರು’ ಜೊತೆಗೆ ‘ನೌಕರರು’ ಅಂತಲೂ ಇದೆ. ಜಾಗ ಚೆನ್ನಾಗಿದ್ದರೆ ಜನ ಅಲ್ಲಿರೋಕೆ ಬಯಸ್ತಾರೆ, ಇಲ್ಲದಿದ್ದರೆ ದೂರ ಸರೀತಾರೆ; ಇದು ಎರಡೂ ಕಡೆಯವರಿಗೆ ಅನ್ವಯ. ನಮ್ಮ ಮಾಲೀಕರು ಓದಿಕೊಂಡಿದ್ದು ಮೊದಲರ್ಧ ಮಾತ್ರ. ಗಿರಾಕಿಗೆ ಎಸಿ, ಒಲೆ ಮುಂದೆ ನಿಂತವನಿಗೆ ಹೊಗೆ. ಗಿರಾಕಿ ಒಂದು ಗಂಟೆ ಕೇಳೋ ಜೋರು ಸಂಗೀತವನ್ನು ಕೆಲಸದವರು ಇಡೀ ಶಿಫ್ಟ್ ಕೇಳಬೇಕು.

ಕೂರುವ ಹಕ್ಕಿನ ಕಥೆಯೂ ಇದೇ. ನಿಂತು ಕೆಲಸ ಮಾಡುವವರಿಗೆ ಕೂರುವ ವ್ಯವಸ್ಥೆ ಇರಬೇಕು ಅಂತ ಕಾರ್ಖಾನೆಗಳಿಗೆ 1948ರ ಕಾಯ್ದೆಯಲ್ಲೇ ಹೇಳಿತ್ತು. ಅಂಗಡಿಗಳ ವಿಷಯದಲ್ಲಿ, ಬಟ್ಟೆ ಅಂಗಡಿಯ ಹೆಣ್ಣುಮಕ್ಕಳು ಬೀದಿಗಿಳಿದು ಕೇಳಿದ ಮೇಲೆ ಕೇರಳ 2018ರಲ್ಲಿ ನಿಯಮ ತಂತು. ತಮಿಳುನಾಡು 2021ರಲ್ಲಿ ತಂತು.

ಒಂದು ಸ್ಟೂಲಿಗೆ ಎಷ್ಟು ಖರ್ಚು? ಒಳಾಂಗಣಕ್ಕೆ ಲಕ್ಷಗಟ್ಟಲೆ ಸುರಿದ ಕೆಫೆಗೆ ಅದು ಲೆಕ್ಕವೇ ಅಲ್ಲ. ತಡೆಯುತ್ತಿರೋದು ದುಡ್ಡಲ್ಲ, ‘ಕೂತರೆ ಸೋಮಾರಿ ಥರ ಕಾಣ್ತಾರೆ’ ಅನ್ನೋ ಭಾವನೆ. ಅಂದರೆ ನಿಂತ ನೌಕರರನ್ನೂ ನಾವು ಗೋಡೆಯ ಫೋಟೊ ಥರ ಅಲಂಕಾರ ಮಾಡಿಬಿಟ್ಟಿದ್ದೀವಿ.

ಮುಂದಿನ ಸಲ ಒಂದು ಜಾಗ ‘ತುಂಬಾ ಚೆನ್ನಾಗಿದೆ’ ಅನ್ನಿಸಿದಾಗ ಕೌಂಟರ್ ಹಿಂದೆ ಒಮ್ಮೆ ಇಣುಕಿ. ಅಲ್ಲಿ ಕುರ್ಚಿ ಇಲ್ಲದಿದ್ದರೆ ಮಾಲೀಕರನ್ನು ಕೇಳಿ. ಗಿರಾಕಿ ಕೇಳಿದ್ದನ್ನು ವ್ಯಾಪಾರಿ ಸುಲಭಕ್ಕೆ ತಳ್ಳಿಹಾಕಲ್ಲ.