ಉತ್ತರ ಕೊಡುವವರು ಯಾರು? ಕಥೋಲಿಕ ಬಲಿಪೂಜೆಯಲ್ಲಿ ಭಕ್ತಸಭೆಯ ಪಾತ್ರ

ಕಥೋಲಿಕ ಆರಾಧನೆಯ ಆಧುನಿಕ ಸುಧಾರಣೆಯೆಂದರೆ ಲ್ಯಾಟಿನ್ ಹೋಗಿ ದೇಶಭಾಷೆಗಳು ಬಂದದ್ದು ಎಂಬ ತಿಳಿವಳಿಕೆ ಸಾಮಾನ್ಯ. ಅದಕ್ಕಿಂತ ಆಳವಾದ ಪಲ್ಲಟ ನಡೆದದ್ದು ಬೇರೆಡೆ: ಗುರುವಿನ ಮಾತಿಗೆ ಉತ್ತರ ಕೊಡುವ ಹಕ್ಕು ಮತ್ತೆ ಸಭೆಯ ಕೈಸೇರಿತು ಎಂಬುದು ಈ ಲೇಖನದ ವಾದ.

ಕ್ರಿ.ಶ. 155ರ ಸುಮಾರಿಗೆ ಕ್ರೈಸ್ತ ಲೇಖಕ ಜಸ್ಟಿನ್ ತನ್ನ ಮೊದಲ ಸಮರ್ಥನಾಗ್ರಂಥದಲ್ಲಿ ಪೂಜೆಯ ಕ್ರಮವನ್ನು ವಿವರಿಸಿದ್ದಾನೆ. ಸಭೆಯ ಮುಖ್ಯಸ್ಥ ಕೃತಜ್ಞತಾ ಪ್ರಾರ್ಥನೆ ಮುಗಿಸಿದೊಡನೆ ನೆರೆದವರೆಲ್ಲ 'ಆಮೆನ್' ಎನ್ನುತ್ತಿದ್ದರು. ಅದು 'ಹಾಗೆಯೇ ಆಗಲಿ' ಎಂಬ ಅರ್ಥದ ಹೀಬ್ರೂ ಪದವೆಂದು ಅವನೇ ಬಿಡಿಸಿ ಹೇಳುತ್ತಾನೆ. ಪ್ರಾರ್ಥನೆ ಒಬ್ಬನದು, ಸಮ್ಮತಿ ಎಲ್ಲರದು.

1570ರಲ್ಲಿ ಪೋಪ್ ಐದನೆಯ ಪಿಯುಸ್ ಹೊರಡಿಸಿದ ಪೂಜಾಗ್ರಂಥದ ಕಾಲಕ್ಕೆ ಚಿತ್ರ ಬದಲಾಗಿತ್ತು. ಹಾಡಿಲ್ಲದ ಪೂಜೆಯಲ್ಲಿ ಲ್ಯಾಟಿನ್ ಉತ್ತರಗಳು ಪೀಠಬಾಲಕನ ಪಾಲಾದವು. ಜನ ತಮ್ಮಷ್ಟಕ್ಕೆ ಜಪಸರ ಎಣಿಸುತ್ತ ಕೂರುವುದು ರೂಢಿಯಾಯಿತು. ಅವರಲ್ಲಿ ಭಕ್ತಿಗೆ ಕೊರತೆಯಿರಲಿಲ್ಲ, ಆದರೆ ಆ ಭಕ್ತಿ ಪೂಜೆಯ ಪಕ್ಕದಲ್ಲಿ ಹರಿಯುತ್ತಿತ್ತು. 1903ರಲ್ಲಿ ಹತ್ತನೆಯ ಪಿಯುಸ್ ಸಕ್ರಿಯ ಪಾಲ್ಗೊಳ್ಳುವಿಕೆಯ ಮಾತೆತ್ತಿದರು. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯ ಆರಾಧನಾ ಸಂವಿಧಾನ ಅದನ್ನು ದೀಕ್ಷಾಸ್ನಾನದಿಂದಲೇ ಬರುವ ಹಕ್ಕು ಮತ್ತು ಕರ್ತವ್ಯವೆಂದು ಸಾರಿತು (ವಿಧಿ 14), ವಿಶ್ವಾಸಿಗಳ ಪ್ರಾರ್ಥನೆಯನ್ನು ಮರಳಿ ತಂದಿತು (ವಿಧಿ 53).

ಉತ್ತರ ಬಾಯಿಂದಲೇ ಬರಬೇಕೆಂದಿಲ್ಲ. 1969ರಲ್ಲಿ ಭಾರತದ ಆರಾಧನೆಗೆಂದು ರೋಮ್ ಒಪ್ಪಿದ ಹನ್ನೆರಡು ಅಂಶಗಳು ನೆಲದ ಮೇಲೆ ಕೂರುವುದಕ್ಕೂ ಪಂಚಾಂಗ ಪ್ರಣಾಮಕ್ಕೂ ಅವಕಾಶವಿತ್ತವು. ಶಾಂತಿವಿನಿಮಯಕ್ಕೆ ಕೈಮುಗಿಯುವುದನ್ನು ಒಪ್ಪಿದವು. ಕೈಮುಗಿದವರಿಗೆ ತಿರುಗಿ ಕೈಮುಗಿಯುವುದು ನಮ್ಮಲ್ಲಿ ಯಾರೂ ಕಲಿಸಬೇಕಿಲ್ಲದ ಉತ್ತರ. 1963ರ ಆರಾಧನಾ ಸಂವಿಧಾನವೇ ಮೌನವನ್ನೂ ಪಾಲ್ಗೊಳ್ಳುವಿಕೆಯ ರೂಪವೆಂದು ಎಣಿಸಿದೆ (ವಿಧಿ 30).

ಹಾಗಿದ್ದರೂ ಹಳೆಯ ರೂಢಿ ಹೊಸ ವೇಷದಲ್ಲಿ ಮರಳಬಲ್ಲದು. ಧ್ವನಿವರ್ಧಕದ ಮುಂದೆ ನಿಂತ ಗಾಯನವೃಂದ ಸಭೆಗೆ ಗೊತ್ತಿಲ್ಲದ ರಾಗಗಳಲ್ಲಿ ಎಲ್ಲವನ್ನೂ ತಾನೇ ಹಾಡಿ ಮುಗಿಸಿದರೆ, ಅದು ಹಿಂದಿನ ಪೀಠಬಾಲಕನ ಜಾಗದಲ್ಲೇ ನಿಂತಂತೆ. ಜನರನ್ನು ಪೂರ್ತಿ ಹೊರಗಿಟ್ಟು ಗಾಯನವನ್ನೆಲ್ಲ ವೃಂದಕ್ಕೆ ಒಪ್ಪಿಸುವುದನ್ನು 1967ರ 'ಮ್ಯೂಸಿಕಾಂ ಸಾಕ್ರಂ' ನಿರ್ದೇಶನ ಸಮ್ಮತವಲ್ಲವೆಂದದ್ದು ಈ ಕಾರಣಕ್ಕೇ. ವಾಚನಕ್ಕೆ, ಕಾಣಿಕೆಯ ಮೆರವಣಿಗೆಗೆ ಎಷ್ಟು ಜನ ಎದ್ದು ಬಂದರೆಂಬ ಲೆಕ್ಕವೂ ಧರ್ಮಕೇಂದ್ರದ ಪಾಲ್ಗೊಳ್ಳುವಿಕೆಯನ್ನು ಅಳೆಯಲಾರದು. ಕೃತಜ್ಞತಾ ಪ್ರಾರ್ಥನೆಯ ಕೊನೆಯ 'ಆಮೆನ್' ಹಿಂದಿನ ಸಾಲಿನಿಂದಲೂ ಕೇಳಿಬರುತ್ತದೆಯೇ ಎಂಬುದು ಜಸ್ಟಿನ್‌ನ ಸಭೆಗೂ ಇಂದಿನ ಸಭೆಗೂ ಸಲ್ಲುವ ಅಳತೆ.