ಮೇಷ್ಟ್ರ ಮರ್ಯಾದೆ

ಭದ್ರಾವತಿ ಅಂದ್ರೆ ಎಂಜಿನಿಯರಿಂಗ್ ಓದಿದ ನನಗೆ ಮೊದಲು ನೆನಪಾಗೋದು ವಿಶ್ವೇಶ್ವರಯ್ಯನವರು, 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ. ಆದರೆ ಇವತ್ತು ನಾನು ಹೇಳಹೊರಟಿರೋದು ಅದೇ ಊರಿನ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದ ಒಬ್ಬ ಮೇಷ್ಟ್ರ ಬಗ್ಗೆ.

ಪ್ರೊ. ಬಿ. ಕೃಷ್ಣಪ್ಪ. 1938ರಲ್ಲಿ ಹರಿಹರದ ದಲಿತ ಕುಟುಂಬದಲ್ಲಿ ಹುಟ್ಟಿದವರು. ನಮ್ಮಲ್ಲಿ ಮೇಷ್ಟ್ರಿಗೆ ಮರ್ಯಾದೆ ಉಂಟು, ಆದರೆ ಅದಕ್ಕೊಂದು ಷರತ್ತೂ ಉಂಟು: ಪಾಠ ಮಾಡಿ ಸ್ವಾಮಿ, ಊರ ಪದ್ಧತಿಯ ತಂಟೆಗೆ ಬರಬೇಡಿ! ಷರತ್ತು ಮೀರಿದರೆ ಏನಾಗುತ್ತೆ ಅಂತ 1973ರ ನವೆಂಬರ್‌ನಲ್ಲೇ ಗೊತ್ತಾಗಿತ್ತು. ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದ ಬಸವಲಿಂಗಪ್ಪನವರ ಮಂತ್ರಿಗಿರಿಯೇ ಹೋಯಿತು. ಆ ಗಲಾಟೆಯ ಬೆನ್ನಿಗೇ ದಲಿತ ಸಂಘರ್ಷ ಸಮಿತಿ ಕಟ್ಟೋಕೆ ಮುಂದೆ ನಿಂತವರು ಈ ಕನ್ನಡ ಮೇಷ್ಟ್ರು.

ಭದ್ರಾವತಿಯಲ್ಲೇ ಯಾಕೆ? ನನ್ನ ಲೆಕ್ಕದಲ್ಲಿ ಕಾರ್ಖಾನೆಯೂ ಒಂದು ಕಾರಣ. ತಿಂಗಳ ಸಂಬಳ ಎಣಿಸುವವನಿಗೆ ಗೌಡರ ಜಗಲಿಯ ಹಂಗು ಕಡಿಮೆ.

ನಿಜವಾದ ಪರೀಕ್ಷೆ ಬಂದದ್ದು ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ. ಹರಕೆ ಹೊತ್ತವರು ವರದಾ ನದಿಯಲ್ಲಿ ಮಿಂದು, ಬೆತ್ತಲೆಯಾಗಿ ರೇಣುಕಾಂಬೆಯ ಗುಡ್ಡಕ್ಕೆ ನಡೆಯಬೇಕು. ಹಾಗೆ ನಡೆಯುತ್ತಿದ್ದವರಲ್ಲಿ ಹೆಚ್ಚಿನವರು ಬಡವರು, ದಲಿತರು, ಹೆಂಗಸರು. ಬಟ್ಟೆ ಉಟ್ಟುಕೊಂಡೇ ಹರಕೆ ತೀರಿಸಿ ಅಂತ ಸಮಿತಿಯವರು ಹೇಳಹೋದರು. 1986ರ ಮಾರ್ಚ್‌ನಲ್ಲಿ ಗುಂಪು ತಿರುಗಿಬಿತ್ತು. ಕಾರ್ಯಕರ್ತರನ್ನಷ್ಟೇ ಅಲ್ಲ, ಬಂದೋಬಸ್ತಿಗೆ ಬಂದಿದ್ದ ಪೊಲೀಸರನ್ನೂ, ಹೆಣ್ಣು ಪೊಲೀಸರನ್ನೂ ಬಿಡದೆ, ಬಟ್ಟೆ ಕಿತ್ತು ಹೊಡೆದು ಬೆತ್ತಲೆ ಮೆರವಣಿಗೆ ಮಾಡಿಸಿದರು. ಖಾಕಿ ಬಟ್ಟೆಗೇ ಉಳಿಯದ ಮರ್ಯಾದೆ ಮೇಷ್ಟ್ರ ಮಾತಿಗೆ ಎಲ್ಲಿಂದ ಬರಬೇಕು?

ಇಲ್ಲೊಂದು ಮಾತು ಹೇಳಲೇಬೇಕು. ಗುಂಪಿನಲ್ಲಿದ್ದವರೆಲ್ಲ ಮೇಲ್ಜಾತಿಯವರೇನಲ್ಲ. ಯಾರ ಪರವಾಗಿ ಮಾತಾಡಲು ಹೋದರೋ ಅವರಲ್ಲೇ ಹಲವರಿಗೆ ಇವರು ದೇವಿಯ ಹರಕೆಗೆ ಅಡ್ಡ ಬಂದವರಾಗಿ ಕಂಡರು. ಸುಧಾರಕನಿಗೆ ಇದಕ್ಕಿಂತ ಕಷ್ಟದ ಜಾಗ ಇಲ್ಲ. ವಿರೋಧಿ ಬೈದರೆ ತಡಕೊಳ್ಳಬಹುದು, ತನ್ನವರೇ ಮುಖ ತಿರುಗಿಸಿದರೆ?

ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಚಂದ್ರಗುತ್ತಿಯ ಜಾತ್ರೆ ನಿಲ್ಲಲಿಲ್ಲ, ಈಗಲೂ ಜನ ಬರುತ್ತಾರೆ. ಕೃಷ್ಣಪ್ಪನವರು 1997ರಲ್ಲಿ ತೀರಿಕೊಂಡರು. ಅವರು ಕಟ್ಟಿದ ಸಂಘಟನೆ ಹಲವು ಬಣಗಳಾಗಿ ಒಡೆದಿದೆ. ಒಂದು ಬಣದವರು ಇನ್ನೊಂದು ಬಣದವರನ್ನು ಒಪ್ಪೋದಿಲ್ಲ, ಆದರೆ ಬ್ಯಾನರಿನ ಮೇಲೆ ಅಂಬೇಡ್ಕರ್ ಪಕ್ಕದಲ್ಲಿ ಎಲ್ಲರೂ ಹಾಕೋದು ಭದ್ರಾವತಿಯ ಈ ಮೇಷ್ಟ್ರ ಫೋಟೋವನ್ನೇ.